ದಿನ ತಪ್ಪುವ ಮೊದಲೇ ಲಕ್ಷಣ ಹುಡುಕಬೇಡ

ಡೊಂಬಿವಲಿ

ಚಿ. ಸೌ. ವಿದ್ಯಾಳಿಗೆ ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ನಾವೆಲ್ಲರೂ ಕ್ಷೇಮ. ಪುಣೆಯಿಂದ ನೀನು ಬರೆದ ಪತ್ರ ತಲುಪಿತು. ಮುಟ್ಟಿನ ದಿನಕ್ಕೆ ಇನ್ನೂ ಒಂದು ವಾರವಿರುವಾಗಲೇ ಎದೆ ಬಿಗಿಯುತ್ತಿದೆ, ಆಫೀಸಿನಲ್ಲಿ ಮಧ್ಯಾಹ್ನವೇ ನಿದ್ದೆ ಒತ್ತರಿಸಿ ಬರುತ್ತಿದೆ, ಇದು ಬಸಿರಿನ ಲಕ್ಷಣವೇ ಎಂದು ಕೇಳಿರುವೆ. ಹೌದೆಂದಾಗಲಿ ಅಲ್ಲವೆಂದಾಗಲಿ ಇವತ್ತು ಯಾರೂ ಹೇಳಲಾರರು. ಅದರ ಕಾರಣ ನಿನಗೆ ತಿಳಿದಿರಲಿ ಎಂದೇ ವಿವರವಾಗಿ ಬರೆಯುತ್ತಿದ್ದೇನೆ.

ಇಪ್ಪತ್ತೆಂಟು ದಿನಕ್ಕೊಮ್ಮೆ ಮುಟ್ಟಾಗುವವರಲ್ಲಿ ಸುಮಾರು 14ನೆಯ ದಿನ ಅಂಡ ಬಿಡುಗಡೆಯಾಗುತ್ತದೆ. ಅದು ಫಲಿತಗೊಂಡರೂ ಗರ್ಭಕೋಶಕ್ಕೆ ಅಂಟಿಕೊಳ್ಳಲು 6ರಿಂದ 12 ದಿನ ಹಿಡಿಯುತ್ತದೆ. ಅಂಟಿಕೊಂಡ ಮೇಲಷ್ಟೇ ಎಚ್‌ಸಿಜಿ ಎಂಬ, ಬಸಿರಿನ ಪರೀಕ್ಷೆ ಗುರುತಿಸುವ ಹಾರ್ಮೋನು ತಾಯಿಯ ರಕ್ತಕ್ಕೆ ಸೇರತೊಡಗುತ್ತದೆ. ಎದೆ ನೋಯುವುದು, ಹೊಟ್ಟೆ ಉಬ್ಬರಿಸುವುದು, ಮೈ ಭಾರವಾಗುವುದು ಇವೆಲ್ಲ ಬಹುಮಟ್ಟಿಗೆ ಪ್ರೊಜೆಸ್ಟೆರಾನಿನ ಕೆಲಸ. ಆ ಹಾರ್ಮೋನು ಬಸಿರು ನಿಂತರೂ ನಿಲ್ಲದಿದ್ದರೂ ಅಂಡ ಬಿಡುಗಡೆಯಾದ ಮೇಲೆ ಪ್ರತಿ ತಿಂಗಳೂ ಏರುವುದರಿಂದ, ಮುಟ್ಟಿನ ಮುಂಚಿನ ಬೇನೆಯನ್ನೂ ಬಸಿರಿನ ಮೊದಲ ಬೇನೆಯನ್ನೂ ದೇಹದ ಗುರುತಿನಿಂದ ಬೇರ್ಪಡಿಸಲಾಗದು.

ಡಾಕ್ಟರು ವಾರಗಳನ್ನು ಕಳೆದ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತಾರೆ. ಹಾಗಾಗಿ ದಿನ ತಪ್ಪುವಾಗಲೇ 4 ವಾರವಾಗಿರುತ್ತದೆ. ಹೆಚ್ಚಿನವರಿಗೆ ಲಕ್ಷಣ ಕಾಣುವುದು 5–6ನೆಯ ವಾರದಿಂದ, 8 ವಾರ ತುಂಬುವಷ್ಟರಲ್ಲಿ ಬಹುತೇಕ ಎಲ್ಲರಿಗೂ ಏನಾದರೊಂದು ಶುರುವಾಗಿರುತ್ತದೆ. ವಾಕರಿಕೆ ಸಾಮಾನ್ಯವಾಗಿ 6ನೆಯ ವಾರದ ಆಸುಪಾಸಿನಲ್ಲಿ ಆರಂಭವಾಗಿ, 9ನೆಯ ವಾರದ ಸುಮಾರಿಗೆ ಜೋರಾಗಿ, ಮೂರು ನಾಲ್ಕು ತಿಂಗಳ ಹೊತ್ತಿಗೆ ಇಳಿಯುತ್ತದೆ. ನಿನ್ನೆ ತನಕ ಹಿತವಾಗಿದ್ದ ಇಂಗಿನ ಒಗ್ಗರಣೆ ಮೂಗಿಗೆ ತಾಗಿದೊಡನೆ ಹೊಟ್ಟೆ ತೊಳಸಿ ಬರುವುದು ಈ ಕಾಲದಲ್ಲೇ. ಕೆಲವರಿಗೆ ಇದಾವುದೂ ಆಗುವುದಿಲ್ಲ, ಆದರೂ ಗರ್ಭ ಚೆನ್ನಾಗಿಯೇ ಬೆಳೆಯುತ್ತದೆ. ಪಕ್ಕದ ಮನೆಯ ಮಾವಶಿ ತಮ್ಮ ಅನುಭವ ಹೇಳಿದರೆ ಕೇಳಿಕೋ, ಆದರೆ ಅದನ್ನು ನಿನ್ನ ಮೈಗೆ ಹೋಲಿಸಿ ಕಂಗೆಡಬೇಡ. ಹೆಂಗಸರನ್ನು ಈ ದಿನಗಳಲ್ಲಿ ಅತಿ ಹೆಚ್ಚು ದಣಿಸುವುದು ಈ ಹೋಲಿಕೆಯೇ ಎಂದು ನನ್ನ ದೃಢವಾದ ನಂಬಿಕೆ.

ದಿನ ತಪ್ಪಿದ ಮೇಲೆ ಮೆಡಿಕಲ್‌ನಿಂದ ಬಸಿರಿನ ಪರೀಕ್ಷೆಯ ಕಿಟ್ ತಂದು, ಬೆಳಗಿನ ಮೊದಲ ಮೂತ್ರದ ಹನಿಗಳನ್ನು ಹಾಕಿ, ಪೊಟ್ಟಣದ ಮೇಲೆ ಬರೆದಷ್ಟು ನಿಮಿಷದೊಳಗೆ ನೋಡು. ಎರಡು ಗೆರೆ ಬಂದರೆ ಬಸಿರು; ಎರಡನೆಯ ಗೆರೆ ತೆಳುವಾಗಿದ್ದರೂ ಅದು ಗೆರೆಯೇ. ಆದರೆ ಗಂಟೆ ಕಳೆದ ಮೇಲೆ ಮೂಡಿದ್ದನ್ನು ನಂಬಬೇಡ. ಒಂದೇ ಗೆರೆ ಬಂದು ಮುಟ್ಟೂ ಆಗದಿದ್ದರೆ ಒಂದು ವಾರ ಬಿಟ್ಟು ಮತ್ತೆ ಮಾಡು. ಫೋಲಿಕ್ ಆಮ್ಲದ ಮಾತ್ರೆಗೆ ಮಾತ್ರ ಕಾಯಬೇಡ: ದಿನಕ್ಕೆ 400 ಮೈಕ್ರೋಗ್ರಾಂ, ಈಗಿನಿಂದಲೇ, 12 ವಾರ ತುಂಬುವವರೆಗೆ. ಶಿಶುವಿನ ಮಿದುಳು, ಬೆನ್ನುಹುರಿಗಳ ಆಧಾರವಾದ ನರನಾಳ 6ನೆಯ ವಾರದಲ್ಲೇ ಮುಚ್ಚಿಕೊಳ್ಳುವುದರಿಂದ, ಲಕ್ಷಣ ಕಂಡ ಮೇಲೆ ಶುರುಮಾಡಿದರೆ ತಡವಾದೀತು. ತಲೆನೋವಿನ ಗುಳಿಗೆಯನ್ನೂ ಡಾಕ್ಟರನ್ನು ಕೇಳದೆ ನುಂಗಬೇಡ.

ದಿನ ತಪ್ಪಿದ ಮೇಲೆ ಕೆಳಹೊಟ್ಟೆಯ ಒಂದೇ ಪಕ್ಕದಲ್ಲಿ ತೀವ್ರ ನೋವು, ರಕ್ತಸ್ರಾವ, ಕಣ್ಣು ಕತ್ತಲೆ ಅಥವಾ ಭುಜದ ತುದಿಯಲ್ಲಿ ನೋವು ಬಂದರೆ, ಗರ್ಭವು ಗರ್ಭಕೋಶವನ್ನು ತಲುಪದೆ ಅಂಡನಾಳದಲ್ಲಿ ಸಿಕ್ಕಿರಬಹುದು. ನಡುರಾತ್ರಿಯಾದರೂ ಆಸ್ಪತ್ರೆಗೆ ಹೊರಡು. ಕುಡಿದ ನೀರೂ ನಿಲ್ಲದಷ್ಟು ವಾಂತಿಯಾದರೂ ತಡಮಾಡಬೇಡ. ಅಳಿಯಂದಿರಿಗೂ ಈ ಪತ್ರ ಓದಿಸು.

ಇಂತು,
ನಿನ್ನ ದೊಡ್ಡಮ್ಮ