ಶುಕ್ರವಾರದ ಫೂಲ್

ಪ್ರಿಯ ಓದುಗರೇ,

ಈ ಸಂಚಿಕೆ ನಿಮ್ಮ ಕೈಸೇರುವ ಹೊತ್ತಿಗೆ ನಮ್ಮ ಕಾಕ ಜಿದ್ದಾ ಬಿಡಲು ಕೆಲವೇ ದಿನ ಉಳಿದಿರುತ್ತದೆ. ಕೆಲಸ ಮುಗಿಸಿ ದೇಶ ಬಿಡುವ ವೀಸಾ, ಫೈನಲ್ ಎಕ್ಸಿಟ್, ಆಗಿದೆ, ಸಾಮಾನು ಹಡಗಿಗೆ ಹೋಗಿದೆ. ಪುತ್ತೂರು ಕಡೆಯ ಈ ಹಿರಿಯರನ್ನು ನಮ್ಮ ಕನ್ನಡ ಸಂಘದಲ್ಲಿ ಯಾರೂ ಹೆಸರು ಹಿಡಿದು ಕರೆದವರಲ್ಲ, ಎಲ್ಲರಿಗೂ ಕಾಕ. ಈ ಸುದ್ದಿಪತ್ರದ ಒಂದೊಂದು ಪುಟವೂ ಅವರ ಕಣ್ಣಡಿ ಹಾದೇ ನಿಮಗೆ ತಲುಪಿದೆ.

ಸುದ್ದಿ ಗೊತ್ತಾದ ರಾತ್ರಿ ಮನೆಯಲ್ಲಿ ಹೇಳಿದೆ. ಮಗಳು ಪುಸ್ತಕದಿಂದ ತಲೆಯೆತ್ತಿ, "ಪಾಪ, ಊರಲ್ಲಿ ಕಾಕನಿಗೆ ಫೂಲ್ ಯಾರು ಮಾಡಿಕೊಡ್ತಾರಪ್ಪಾ?" ಎಂದಳು. ಫೂಲ್ ಅಂದರೆ ಕಾಳು ಬೇಯಿಸಿ ಮಸೆದು ಮಾಡುವ ಇಲ್ಲಿನ ಬೆಳಗಿನ ತಿಂಡಿ. ಇಲ್ಲೇ ಹುಟ್ಟಿದವಳು. ಊರಿಗೆ ಹೊರಟವರನ್ನು ಕಂಡರೆ ನಾವೆಲ್ಲ "ಪುಣ್ಯವಂತರು" ಎನ್ನುತ್ತೇವೆ. ಅವಳಿಗೆ ಮಾತ್ರ ಕಾಕ ಏನನ್ನೋ ಕಳೆದುಕೊಳ್ಳುತ್ತಿದ್ದಾರೆ ಅನ್ನಿಸಿದೆ. ಅಂದಿನಿಂದ ಆ ಮಾತು ನನ್ನ ತಲೆಯಲ್ಲೇ ಕೂತಿದೆ.

ನಾನು ಕೊಪ್ಪದಿಂದ ಬಂದ ಹೊಸತು. ಜಿದ್ದಾದ ಶರಫಿಯಾ ಬಡಾವಣೆಯಲ್ಲಿ ಕಂಪನಿಯ ರೂಮು, ಮಾಂಸ ತಿನ್ನುವ ಅಭ್ಯಾಸವಿಲ್ಲ, ಭಾಷೆ ಬಾರದು. ಬ್ರೆಡ್ಡು, ಬಾಳೆಹಣ್ಣು, ಮೊಸರಿನಲ್ಲಿ ದಿನ ದೂಡುತ್ತಿದ್ದೆ. ಇದು ಕಾಕನ ಕಿವಿಗೆ ಹೇಗೆ ಬಿತ್ತೋ, ಶುಕ್ರವಾರ ಬೆಳಗಿನ ನಮಾಜು ಮುಗಿಸಿ ನೇರ ನನ್ನ ಬಾಗಿಲು ತಟ್ಟಿದರು. "ಎಂತ ಮಾರಾಯ್ರೆ, ಈ ಊರಲ್ಲಿ ಉಪವಾಸ ಇರುವುದುಂಟಾ? ಚಪ್ಪಲಿ ಹಾಕಿ, ಬನ್ನಿ."

ಹಿಂದಿನ ಬೀದಿಯ ಆ ಯಮನಿ ಅಂಗಡಿಯಲ್ಲಿ ಬೆಂಚು ಕುರ್ಚಿಗಳಿಲ್ಲ. ಜಮಖಾನ, ಅದರ ಮೇಲೆ ಊಟಕ್ಕೆ ಹಾಸುವ ತೆಳ್ಳನೆ ಪ್ಲಾಸ್ಟಿಕ್ ಹಾಳೆ, ಸುಫ್ರಾ. ಕತ್ತು ಸಪೂರ, ಹೊಟ್ಟೆ ದಪ್ಪದ ಲೋಹದ ಜರ್‍ರಾ ಒಲೆಯ ಮೇಲೆ ವಾಲಿಕೊಂಡಿತ್ತು. ರಾತ್ರಿಯಿಡೀ ಸಣ್ಣ ಉರಿಯಲ್ಲಿ ಬೆಂದ ಫೂಲ್ ಕಾಳು ಅದರೊಳಗೆ. ಉದ್ದ ಹಿಡಿಯ ಸೌಟಿನಲ್ಲಿ ಮೊಗೆದು ಬಟ್ಟಲಿಗೆ ಸುರಿದು ಮಸೆಯುತ್ತಿದ್ದರು. ಮೇಲೆ ಜೀರಿಗೆ ಪುಡಿ, ಹೆಚ್ಚಿದ ಟೊಮೆಟೊ, ಈರುಳ್ಳಿ, ಎಳ್ಳು ಅರೆದ ತಹಿನಿ. ಕೊನೆಗೆ ತುಪ್ಪದ ಮೇಲೆ ಕೆಂಡದ ಚೂರಿಟ್ಟು ಮುಚ್ಚಿಬಿಟ್ಟರು. ಮುಚ್ಚಳ ತೆಗೆದಾಗ ಎದ್ದ ಹೊಗೆಗೆ ನನ್ನ ಹಸಿವು ಕೆರಳಿತು.

ಪಕ್ಕದಲ್ಲೇ ಅಫ್ಘಾನಿಯ ತಂದೂರು. ಹಿಟ್ಟನ್ನು ಬೆರಳ ತುದಿಯಲ್ಲಿ ಒತ್ತಿ ಒತ್ತಿ ಗುಳಿ ಮಾಡಿ ಒಳಗೆ ಬಡಿದು, ಕೊಕ್ಕೆಯಲ್ಲಿ ಎಳೆದು ತೆಗೆದ ತಮೀಸ್ ರೊಟ್ಟಿ ನಮ್ಮ ಊಟದ ತಟ್ಟೆಗಿಂತ ಅಗಲ. ನಾನು ಚಮಚಕ್ಕಾಗಿ ಆಚೀಚೆ ನೋಡಿದ್ದು ಕಂಡು ಕಾಕ, "ನೀರುದೋಸೆ ಹರಿದು ತಿಂದ ಕೈಯಲ್ಲವಾ ನಿಮ್ಮದು, ಹಾಗೇ ತಿನ್ನಿ" ಎಂದರು. ಟೊಮೆಟೊ, ಹಸಿಮೆಣಸು, ಬೆಳ್ಳುಳ್ಳಿ, ಕೊತ್ತಂಬರಿ ಅರೆದ ಸಹಾವಿಕ್ ಬಂತು. ಖಾರ ಕಂಡು ಎಷ್ಟು ದಿನವಾಗಿತ್ತೋ. ಆಮೇಲೆ ಮಾಸೂಬ್. ರೊಟ್ಟಿಯನ್ನೂ ಕಳಿತ ಬಾಳೆಹಣ್ಣನ್ನೂ ಒಟ್ಟಿಗೆ ಕಿವುಚಿ, ತುಪ್ಪ, ಜೇನು, ಕೆನೆ ಹಾಕಿ ಮೇಲೆ ಕರಿಜೀರಿಗೆ ಉದುರಿಸಿದ್ದರು. ಒಂದು ತುತ್ತು ಬಾಯಿಗಿಟ್ಟಾಗ ನನ್ನ ಕಣ್ಣು ತುಂಬಿತು. ಕಾಕ ಕಂಡೂ ಕಾಣದವರ ಹಾಗೆ ಏಲಕ್ಕಿ ಹಾಕಿದ ಅದನಿ ಚಹಾಕ್ಕೆ ಹೇಳಿದರು.

ಅಂಗಡಿಯ ಯಜಮಾನ ಇಬ್ಬ್ ಪ್ರಾಂತದವರು. ಯಮನಿನಲ್ಲೇ ಹೆಚ್ಚು ಮಳೆ ಬೀಳುವ, ಬೆಟ್ಟಕ್ಕೆ ಬೆಟ್ಟವೇ ಮೆಟ್ಟಿಲು ಗದ್ದೆಗಳಾಗಿರುವ ಹಸಿರು ನಾಡು ಅದು. ಅವರು ತಮ್ಮ ಮಳೆಯ ಬಗ್ಗೆ ಹೇಳಿದರು, ನಾನು ಮಲೆನಾಡಿನ ಜಡಿಮಳೆಯ ಬಗ್ಗೆ ಹೇಳಿದೆ, ನಡುವೆ ಕಾಕ ದುಭಾಷಿ. 17ನೇ ಶತಮಾನದಲ್ಲಿ ಬಾಬಾ ಬುಡನ್ ಅವರು ಯಮನಿನ ಮೋಖಾ ಬಂದರಿನಿಂದ ಏಳು ಕಾಫಿ ಬೀಜ ತಂದು ನಮ್ಮ ಚಂದ್ರದ್ರೋಣ ಬೆಟ್ಟದಲ್ಲಿ ನೆಟ್ಟರೆಂಬ ಪ್ರತೀತಿ ತಿಳಿಸಿದಾಗ ಆ ಮನುಷ್ಯ ಎದ್ದು ಒಳಗೆ ಹೋಗಿ ಗಿಶ್ರ್ ತಂದಿಟ್ಟರು. ಕಾಫಿಯ ಒಣಸಿಪ್ಪೆಗೆ ಶುಂಠಿ ಹಾಕಿ ಕುದಿಸಿದ ಕಷಾಯ. ನಮ್ಮ ತೋಟಗಳಲ್ಲಿ ಆ ಸಿಪ್ಪೆ ಗೊಬ್ಬರಕ್ಕೆ ಹೋಗುತ್ತದೆ!

ದುಡ್ಡು ಕೊಡಲು ಹೋದರೆ ಕಾಕ ನನ್ನ ಕೈ ಹಿಡಿದರು. "ನನಗೆ ಬೇಡ. ಮುಂದೆ ಯಾರಾದರೂ ಹೊಸಬರು ಬರುತ್ತಾರೆ, ಅವರಿಗೆ ಕೊಡಿಸಿ." ಸಂಘದ ಸದಸ್ಯತ್ವದ ಅರ್ಜಿ ತುಂಬಿದ್ದು ಬಹಳ ತಡವಾಗಿ. ನಾನು ಸಂಘ ಸೇರಿದ್ದು ಆ ಸುಫ್ರಾದ ಮೇಲೆ.

2015ರಲ್ಲಿ ಅತ್ತ ಯುದ್ಧ ಜೋರಾದ ಮೇಲೆ ಆ ಯಜಮಾನರು ಊರಿನ ಮುಖ ನೋಡಿಲ್ಲ. ತಾಯಿಯ ದನಿ ಫೋನಿನಲ್ಲಿ ಮಾತ್ರ. ನಮ್ಮ ಊರ ಹಂಬಲಕ್ಕೆ ರಜೆ, ಟಿಕೆಟ್ಟು ಎಂಬ ಮದ್ದಾದರೂ ಇದೆ. ಅವರು ದಿನಾ ಬೆಳಿಗ್ಗೆ ಊರಿನ ತಿಂಡಿ ಮಾಡಿ ಪರರಿಗೆ ಬಡಿಸುತ್ತಾರೆ. ಕಾಕ ಹೊರಟಿದ್ದು ಕೇಳಿ ಅವರೂ ಮಂಕಾದರು.

ಆದ್ದರಿಂದ ಬೀಳ್ಕೊಡುಗೆಗೆ ಹಾಲ್ ಬೇಡವೆಂದು ಕಾರ್ಯಕಾರಿ ಸಮಿತಿ ತೀರ್ಮಾನಿಸಿದೆ. ಬರುವ ಶುಕ್ರವಾರ ಬೆಳಿಗ್ಗೆ ಏಳೂವರೆಗೆ ಅದೇ ಅಂಗಡಿ. ಜುಮಾ ನಮಾಜಿಗೆ ಅಂಗಡಿ ಮುಚ್ಚುವುದರಿಂದ ತಡ ಮಾಡಬೇಡಿ. ಮಾಂಸ ತಿನ್ನದವರು ಫೂಲ್, ಬೇಳೆಯ ಅದಸ್, ಮಾಸೂಬ್ ಧಾರಾಳವಾಗಿ ತಿನ್ನಬಹುದು. ಹೂರಣ ತುಂಬಿ ಮಡಚಿದ ರೊಟ್ಟಿ ಮುತಬ್ಬಕ್ ಮಾತ್ರ ಕೇಳಿ ತೆಗೆದುಕೊಳ್ಳಿ, ಕೈಮಾ, ಮೊಟ್ಟೆ ಇರುತ್ತದೆ. ಈ ವರ್ಷ ಹೊಸದಾಗಿ ಬಂದ ಕುಟುಂಬಗಳನ್ನು ದಯವಿಟ್ಟು ಕರೆತನ್ನಿ.

ಉಳಿದ ಸೂಚನೆಗಳು, ಜಾಗ ಕಡಿಮೆ, ಬೇಗ ಓದಿಕೊಳ್ಳಿ: ರಾಜ್ಯೋತ್ಸವ ನವೆಂಬರ್ ಎರಡನೇ ಶುಕ್ರವಾರ ಸಂಜೆ. ನಾಟಕದ ತಾಲೀಮು ಶನಿವಾರಗಳಂದು, ಹೆಣ್ಣು ಪಾತ್ರವೊಂದು ಇನ್ನೂ ಖಾಲಿ. ಮಕ್ಕಳ ರಸಪ್ರಶ್ನೆಗೆ 1956ರ ಏಕೀಕರಣದಿಂದ 1973ರ ನಾಮಕರಣದವರೆಗೆ ಓದಿಸಿ. ರಕ್ತದಾನ ಶಿಬಿರದ ದಿನಾಂಕ ವಾಟ್ಸಾಪ್‌ನಲ್ಲಿ ಬರುತ್ತದೆ. ವಾರ್ಷಿಕ ಚಂದಾ ಬಾಕಿಯಿದ್ದವರು ಖಜಾಂಚಿಯವರನ್ನು ಕಾಣಿ.

ಇನ್ನೊಂದು ಮಾತು. ಕಾಕ ಹೋದ ಮೇಲೆ ಕರಡು ತಿದ್ದಲು ಯಾರೂ ಇಲ್ಲ. ಈ ಪುಟವನ್ನು ಡ್ಯೂಟಿ ಮುಗಿಸಿ ಬಂದು ರಾತ್ರಿ ಕೂತು ಬರೆಯುತ್ತಿದ್ದೇನೆ, ಬೆಳಿಗ್ಗೆಯೊಳಗೆ ಪುಟ ವಿನ್ಯಾಸಕ್ಕೆ ಹೋಗಬೇಕು. ಒಬ್ಬನಿಂದ ಆಗುವ ಕೆಲಸವಲ್ಲ. ಅಲ್ಪಪ್ರಾಣ ಮಹಾಪ್ರಾಣ ಬಲ್ಲ ಇಬ್ಬರು, ಯೂನಿಕೋಡಿನಲ್ಲಿ ಟೈಪ್ ಮಾಡಬಲ್ಲ ಒಬ್ಬರು ತಿಂಗಳಿಗೆ ಎರಡು ಸಂಜೆ ಕೊಟ್ಟರೆ ಸಾಕು. ಕಾಕ ಹೊರಡುವ ಮುನ್ನ ಒಮ್ಮೆ ಜೊತೆಗೆ ಕೂತು ತಿದ್ದುವ ರೀತಿ ತೋರಿಸಿಕೊಡಲು ಒಪ್ಪಿದ್ದಾರೆ. ಆಸಕ್ತಿ ಇರುವವರು ಬುಧವಾರದೊಳಗೆ ನನಗೋ ಕಾರ್ಯದರ್ಶಿಗಳಿಗೋ ಒಂದು ಕರೆ ಮಾಡಿ. ಮುಂದಿನ ಸಂಚಿಕೆಗೆ ಬಂದ ಬರಹಗಳು ಆಗಲೇ ಮೇಜಿನ ಮೇಲಿವೆ.

ಸಂಪಾದಕ