ಅಧ್ಯಕ್ಷರ ಪರಿಚಯದಲ್ಲಿ ಬಿಟ್ಟುಹೋಗುವ ಸಾಲುಗಳು

ಮಾನ್ಯ ಸಂಪಾದಕರೇ,

ದೇಶದ ವೈದ್ಯಕೀಯ ಕಾಲೇಜುಗಳ ಮತ್ತು ವೈದ್ಯರ ಮೇಲೆ ನಿಗಾ ಇಡುವ ರಾಷ್ಟ್ರೀಯ ವೈದ್ಯಕೀಯ ಆಯೋಗಕ್ಕೆ ಹೊಸ ಅಧ್ಯಕ್ಷರು ಬಂದಾಗಲೆಲ್ಲ ಪತ್ರಿಕೆಗಳಲ್ಲಿ ಅವರ ಪರಿಚಯ ಬರುತ್ತದೆ. ಎಲ್ಲಿ ಓದಿದರು, ಯಾವ ವಿಭಾಗದ ತಜ್ಞರು, ಯಾವ ಸಂಸ್ಥೆಯನ್ನು ಮುನ್ನಡೆಸಿದರು ಎಂಬುದೆಲ್ಲ ಅದರಲ್ಲಿರುತ್ತದೆ. ಮೊದಲ ಅಧ್ಯಕ್ಷರಾದ ಡಾ. ಸುರೇಶ್ ಚಂದ್ರ ಶರ್ಮ ದೆಹಲಿಯ ಏಮ್ಸ್‌ನಲ್ಲಿ ಕಿವಿ, ಮೂಗು, ಗಂಟಲು ವಿಭಾಗದಲ್ಲಿದ್ದವರು. ಅವರ ನಂತರ ನಮ್ಮ ನಿಮ್ಹಾನ್ಸ್‌ನ ನಿರ್ದೇಶಕರಾಗಿದ್ದ ಡಾ. ಬಿ.ಎನ್. ಗಂಗಾಧರ್ ಆ ಕುರ್ಚಿಯಲ್ಲಿ ಕುಳಿತಾಗ ನಾನೂ ಹೆಮ್ಮೆಪಟ್ಟೆ. 2025ರಲ್ಲಿ ನೇಮಕವಾದ ಡಾ. ಅಭಿಜಾತ್ ಶೇಠ್ ಅಹಮದಾಬಾದಿನ ಹೃದಯ ಶಸ್ತ್ರಚಿಕಿತ್ಸಕರು. ಮೂವರ ಅರ್ಹತೆಯ ಬಗ್ಗೆಯೂ ನನ್ನ ತಕರಾರಿಲ್ಲ. ಆದರೆ ಇಂಥ ಪರಿಚಯಗಳಲ್ಲಿ ನಾನು ಹುಡುಕುವ ಕೆಲವು ಸಾಲುಗಳು ಸಿಗುವುದಿಲ್ಲ. ಆ ಹುದ್ದೆಗೆ ಬಂದವರು ಯಾವ ಆಸ್ಪತ್ರೆಯ ಆಡಳಿತ ಮಂಡಳಿಯಲ್ಲಿದ್ದಾರೆ, ಯಾವ ಟ್ರಸ್ಟ್‌ಗೆ ಸಲಹೆ ಕೊಡುತ್ತಾರೆ, ಅವರ ಸಂಶೋಧನೆಗೆ ಯಾವ ಕಂಪನಿ ಹಣ ಕೊಟ್ಟಿದೆ, ಯಾವ ವೈದ್ಯರ ಸಂಘದಲ್ಲಿ ಪದಾಧಿಕಾರಿಯಾಗಿದ್ದರು ಎಂಬ ಸಾಲುಗಳು.

ಇದು ನನ್ನನ್ನು ಕಾಡುವುದಕ್ಕೆ ಕಾರಣವಿದೆ. ಒಂದು ಖಾಸಗಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ದಾಖಲೆ ವಿಭಾಗದ ಗುಮಾಸ್ತೆಯಾಗಿ ನಿವೃತ್ತಳಾದವಳು ನಾನು. ಆಯೋಗಕ್ಕೆ ಮುಂಚೆ ಇದೇ ಕೆಲಸ ಮಾಡುತ್ತಿದ್ದ ಹಳೆಯ ಭಾರತೀಯ ವೈದ್ಯಕೀಯ ಪರಿಷತ್ತಿನ ಕಾಲದ ಮಾತು. ಕಾಲೇಜಿಗೆ ಸೀಟು ಕೊಡುವ ಮುನ್ನ ಪರಿಷತ್ತಿನ ತಂಡ ನಡೆಸುವ ಇನ್‌ಸ್ಪೆಕ್ಷನ್‌ನ ಹಿಂದಿನ ದಿನ ಎರಡು ಬಸ್ಸುಗಳಲ್ಲಿ ಹಳ್ಳಿಯ ಜನರನ್ನು ಕರೆತಂದು ಖಾಲಿ ಹಾಸಿಗೆಗಳ ಮೇಲೆ ಮಲಗಿಸಿದರು. ರಾತ್ರಿ ಹನ್ನೊಂದರವರೆಗೆ ನಾವು ಮೂವರು ಕೂತು ಕೇಸ್ ಶೀಟ್ ಬರೆದೆವು. ಒಬ್ಬರಿಗೆ ಜ್ವರ, ಪಕ್ಕದವರಿಗೆ ಹೊಟ್ಟೆನೋವು, ಅದರಾಚೆಯವರಿಗೆ ಸುಸ್ತು, ಮತ್ತೆ ಜ್ವರ. ಹದಿನಾಲ್ಕನೇ ಹಾಸಿಗೆಯ ಅಜ್ಜನನ್ನು ಏನು ತೊಂದರೆ ಎಂದು ಕೇಳಿದೆ. "ನನಗೇನೂ ಆಗಿಲ್ಲ ತಾಯೀ, ನಾಳೆ ಸಂಜೆ ಮನೆಗೆ ಬಿಡುತ್ತಾರಂತೆ" ಎಂದ. ನಾನು ಹೊಟ್ಟೆನೋವು ಎಂದು ಬರೆದೆ. ಆ ಅಕ್ಷರ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಮರುದಿನ ಬಂದ ತಂಡದ ಹಿರಿಯ ವೈದ್ಯರು ವಾರ್ಡಿನ ಬಾಗಿಲಲ್ಲಿ ನಿಂತು ಒಮ್ಮೆ ಕಣ್ಣು ಹಾಯಿಸಿ ಹೋದರು. ಸೀಟುಗಳು ಮಂಜೂರಾದವು. ಎರಡು ವರ್ಷದ ಬಳಿಕ ಅದೇ ಟ್ರಸ್ಟ್‌ನ ಇನ್ನೊಂದು ಸಂಸ್ಥೆಯ ಗೋಡೆಯ ಮೇಲೆ, ಸಲಹೆಗಾರರ ಪಟ್ಟಿಯಲ್ಲಿ ಅವರ ಹೆಸರು ಕಂಡಿತು. ಅಂದಿನ ಸಹಿಗೂ ಈ ಹುದ್ದೆಗೂ ನಂಟಿತ್ತು ಎನ್ನಲು ನನ್ನ ಬಳಿ ಆಧಾರವಿಲ್ಲ. ಇರಲಿಲ್ಲ ಎನ್ನಲೂ ಇಲ್ಲ. ಅವರು ಪ್ರಾಮಾಣಿಕರೇ ಆಗಿದ್ದರೆ ಇಷ್ಟು ವರ್ಷ ನಾನು ಅವರಿಗೆ ಅನ್ಯಾಯ ಮಾಡಿದ್ದೇನೆ. ನಂಟುಗಳನ್ನು ಮೊದಲೇ ಬರೆದಿಡಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ. ತಪ್ಪಿತಸ್ಥರನ್ನು ಹಿಡಿಯಲು ಅದು ಎಷ್ಟು ಬೇಕೋ, ನಿರ್ದೋಷಿಯನ್ನು ಸಂಶಯದಿಂದ ಬಿಡಿಸಲೂ ಅಷ್ಟೇ ಬೇಕು.

ಆ ಪರಿಷತ್ತಿನ ಕಥೆ ಓದುಗರಿಗೆ ಗೊತ್ತು. 2010ರಲ್ಲಿ ಅದರ ಅಧ್ಯಕ್ಷರನ್ನೇ ಸಿಬಿಐ ಬಂಧಿಸಿತು, ಸರ್ಕಾರ ಪರಿಷತ್ತನ್ನು ವಿಸರ್ಜಿಸಿತು. 2016ರಲ್ಲಿ ಸಂಸದೀಯ ಸ್ಥಾಯಿ ಸಮಿತಿಯ ವರದಿ ಅದನ್ನು ಕಟುವಾಗಿ ಟೀಕಿಸಿತು. ಕೊನೆಗೆ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯಂತೆ 2020ರ ಸೆಪ್ಟೆಂಬರ್ 25ರಂದು ಆಯೋಗ ಕೆಲಸ ಆರಂಭಿಸಿತು. ಆದರೂ 2025ರಲ್ಲಿ ಕಾಲೇಜುಗಳ ತಪಾಸಣೆಯ ಲಂಚದ ಬಗ್ಗೆ ಸಿಬಿಐ ಮತ್ತೆ ಪ್ರಕರಣ ದಾಖಲಿಸಬೇಕಾಯಿತು.

ಕಾಯ್ದೆಯಲ್ಲಿ ಒಳ್ಳೆಯ ಅಂಶಗಳಿವೆ. ಅಧ್ಯಕ್ಷರಾಗಲು ಸ್ನಾತಕೋತ್ತರ ಪದವಿ ಮತ್ತು ವೈದ್ಯಕೀಯ ಕ್ಷೇತ್ರದಲ್ಲಿ ಕನಿಷ್ಠ 20 ವರ್ಷಗಳ ಅನುಭವ ಬೇಕು. ಅದರಲ್ಲಿ 10 ವರ್ಷ ವೈದ್ಯಕೀಯ ಶಿಕ್ಷಣದಲ್ಲಿ ನಾಯಕತ್ವ ವಹಿಸಿರಬೇಕು. ಅಂದರೆ ಕಾಲೇಜುಗಳನ್ನು ಅಳೆಯುವವರು ಕಾಲೇಜುಗಳಲ್ಲೇ ಬೆಳೆದವರು. ಅದು ಸರಿಯೇ; ಯಾವ ನಂಟೂ ಇಲ್ಲದ ವೈದ್ಯರನ್ನು ತಂದು ಕೂರಿಸಿದರೆ ಅವರಿಗೆ ಆ ಲೋಕವೇ ತಿಳಿದಿರುವುದಿಲ್ಲ. ಆದ್ದರಿಂದಲೇ ಆರನೇ ಸೆಕ್ಷನ್ ಮುಖ್ಯ. ಅಧ್ಯಕ್ಷರು ಮತ್ತು ಸದಸ್ಯರು ಅಧಿಕಾರ ವಹಿಸಿಕೊಳ್ಳುವಾಗಲೂ ಬಿಡುವಾಗಲೂ ಆಸ್ತಿ ಮತ್ತು ಸಾಲದ ವಿವರ ಕೊಡಬೇಕು, ತಮ್ಮ ವೃತ್ತಿಪರ ಹಾಗೂ ವಾಣಿಜ್ಯ ಸಂಬಂಧಗಳನ್ನು ಘೋಷಿಸಬೇಕು, ಅದು ಆಯೋಗದ ಜಾಲತಾಣದಲ್ಲಿ ಪ್ರಕಟವಾಗಬೇಕು ಎನ್ನುತ್ತದೆ ಅದು.

ಅದೇ ಸೆಕ್ಷನ್‌ನಲ್ಲಿ ಇನ್ನೊಂದು ಮಾತಿದೆ. ತಾವು ಯಾವ ಖಾಸಗಿ ವೈದ್ಯಕೀಯ ಸಂಸ್ಥೆಯ ವಿಷಯವನ್ನು ನಿರ್ವಹಿಸಿದ್ದರೋ ಅಲ್ಲಿ, ಹುದ್ದೆ ಬಿಟ್ಟ ಎರಡು ವರ್ಷ, ಸಲಹೆಗಾರರಾಗಿಯೂ ಕೆಲಸ ಒಪ್ಪುವಂತಿಲ್ಲ. ಆ ಗೋಡೆಯ ಮೇಲಿನ ಹೆಸರು ಕಂಡವಳಿಗೆ ಇದನ್ನು ಓದಿದಾಗ ಎಷ್ಟು ಸಮಾಧಾನವಾಗಿರಬೇಡ! ಆದರೆ ಮುಂದಿನ ಸಾಲು ಓದಿದರೆ, ಕೇಂದ್ರ ಸರ್ಕಾರ ಅನುಮತಿ ಕೊಟ್ಟರೆ ಅಡ್ಡಿಯಿಲ್ಲ ಎಂದಿದೆ. ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಅಲ್ಲೇ ನೇತುಹಾಕಿದ ಹಾಗಾಯಿತು. ಅಂಥ ಅನುಮತಿ ಕೊಟ್ಟರೆ, ಯಾರಿಗೆ, ಯಾವ ಸಂಸ್ಥೆಗೆ, ಏಕೆ ಎಂಬ ಕಾರಣಸಹಿತ ಆದೇಶವನ್ನಾದರೂ ಅದೇ ಜಾಲತಾಣದಲ್ಲಿ ಹಾಕಬೇಕು.

ನಂಟು ಎಂದರೆ ಕಾಲೇಜುಗಳದ್ದು ಮಾತ್ರವಲ್ಲ. 2023ರ ಆಗಸ್ಟ್ 2ರಂದು ಆಯೋಗ ವೈದ್ಯರ ವೃತ್ತಿ ನಡತೆಯ ಹೊಸ ನಿಯಮಗಳನ್ನು ಹೊರಡಿಸಿತು. ಕಂಪನಿಯ ಬ್ರ್ಯಾಂಡ್ ಹೆಸರಿನ ಬದಲು ಔಷಧದ ಮೂಲ ಹೆಸರನ್ನೇ, ಅಂದರೆ ಜೆನೆರಿಕ್ ಹೆಸರನ್ನೇ ಬರೆಯಬೇಕು, ಔಷಧ ಕಂಪನಿಗಳು ಪ್ರಾಯೋಜಿಸುವ ಸಮ್ಮೇಳನಗಳಿಗೆ ಹೋಗಬಾರದು ಎಂದೆಲ್ಲ ಅದರಲ್ಲಿತ್ತು. ವೈದ್ಯರ ಸಂಘಗಳು ವಿರೋಧಿಸಿದವು. ಅದೇ ತಿಂಗಳ 23ರಂದು ನಿಯಮಗಳನ್ನು ತಡೆಹಿಡಿಯಲಾಯಿತು. ವಿರೋಧಕ್ಕೆ ನ್ಯಾಯವಾದ ಕಾರಣಗಳೂ ಇದ್ದಿರಬಹುದು. ಆದರೆ ಔಷಧದ ಚೀಟಿ ಹಿಡಿದು ಅಂಗಡಿಯ ಮುಂದೆ ನಿಲ್ಲುವ ನಾವು, ಇಂಥ ತೀರ್ಮಾನ ಮಾಡುವವರು ಯಾವ ಕಂಪನಿಯ ಗೌರವಧನ ಪಡೆದಿದ್ದರು, ಪಡೆದಿರಲಿಲ್ಲ ಎಂದು ತಿಳಿಯುವುದು ಬೇಡವೇ?

ಹಿಂದೆ ಪರಿಷತ್ತಿನ ಹಲವು ಸದಸ್ಯರನ್ನು ವೈದ್ಯರೇ ಮತ ಹಾಕಿ ಆರಿಸುತ್ತಿದ್ದರು. ಈಗ ಅಧ್ಯಕ್ಷರನ್ನು ಶೋಧನಾ ಸಮಿತಿಯ ಶಿಫಾರಸಿನ ಮೇಲೆ ಕೇಂದ್ರ ಸರ್ಕಾರ ನೇಮಿಸುತ್ತದೆ. ನಮ್ಮ ಪಾಲಿಗೆ ಉಳಿದಿರುವುದು ತಿಳಿದುಕೊಳ್ಳುವ ಹಕ್ಕೊಂದೇ. ಸಂಬಂಧಗಳ ಘೋಷಣೆ ವರ್ಷಕ್ಕೊಮ್ಮೆ ಹೊಸದಾಗಲಿ, ಕನ್ನಡವೂ ಸೇರಿ ಜನ ಓದುವ ಭಾಷೆಗಳಲ್ಲಿ ಸಿಗಲಿ, ರಾಜ್ಯದ ವೈದ್ಯಕೀಯ ಪರಿಷತ್ತಿಗೂ ಇದೇ ಪದ್ಧತಿ ಬರಲಿ ಎಂದು ಒತ್ತಾಯಿಸುತ್ತೇನೆ.

ನಿಮ್ಮಲ್ಲಿ ಒಂದು ಕೋರಿಕೆ. ಮುಂದಿನ ಸಲ ನೇಮಕದ ಆದೇಶ ಬಂದ ದಿನ ನಿಮ್ಮ ವರದಿಗಾರರು ಆ ಘೋಷಣೆಯನ್ನು ಹುಡುಕಿ ತೆಗೆಯಲಿ. ಸಿಕ್ಕರೆ ಭಾವಚಿತ್ರದ ಪಕ್ಕದಲ್ಲೇ ಅಚ್ಚು ಹಾಕಿ. ಸಿಗದಿದ್ದರೆ, ಸಿಗಲಿಲ್ಲ ಎಂದು ಅಷ್ಟೇ ದಪ್ಪ ಅಕ್ಷರದಲ್ಲಿ ಬರೆಯಿರಿ.

ಇತಿ,
ನಿಮ್ಮ ಓದುಗರಲ್ಲೊಬ್ಬಳು,
ನಿವೃತ್ತ ಆಸ್ಪತ್ರೆ ನೌಕರಳು