ಗೆಳೆಯನಿಗೊಂದು ಪತ್ರ: ನಮ್ಮ ಲೈಬ್ರರಿಯಲ್ಲಿ ಸದ್ದಿರಲಿ

ಪ್ರಿಯ ಗೆಳೆಯಾ,

ಅಪ್ಪನ ಪುಸ್ತಕಗಳನ್ನು ಊರಿನ ಲೈಬ್ರರಿಗೆ ಕೊಡಬೇಕೆಂದಿದ್ದೇನೆ, ಆದರೆ ಅಲ್ಲಿ ಓದುವವರಿಗಿಂತ ಪಟ್ಟಾಂಗ ಹೊಡೆಯುವವರೇ, ಕ್ಯಾರಂ ಆಡುವವರೇ ಜಾಸ್ತಿಯಲ್ಲವಾ ಅಂತ ಬರೆದಿದ್ದೀಯ. ಪಟ್ಟಾಂಗ ಉಂಟು ಮಾರಾಯಾ, ಸುಳ್ಳಲ್ಲ. ಅದು ನಿಂತ ದಿನ ಬಾಗಿಲಿಗೆ ಬೀಗ ಹಾಕುವುದೇ ಒಳ್ಳೆಯದು ಅಂತ ನನ್ನ ಲೆಕ್ಕ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆದೀತು.

ನೀನು ಬೆಂಗಳೂರಿನಲ್ಲಿ ನೋಡುವುದು ಇಲಾಖೆಯ ಗ್ರಂಥಾಲಯ. ಕರ್ನಾಟಕದ 1965ರ ಗ್ರಂಥಾಲಯ ಕಾಯ್ದೆ, ಆಸ್ತಿ ತೆರಿಗೆಯ ಮೇಲೆ ಶೇ. 6 ಸೆಸ್, ಸರಕಾರದ ನೌಕರ, ಗೋಡೆಯ ಮೇಲೆ ‘ನಿಶ್ಶಬ್ದ’. ಕಾಸರಗೋಡಿನಲ್ಲಿ ನಾವೂ ಕಟ್ಟಡ ತೆರಿಗೆಯ ಜೊತೆ ಶೇ. 5 ಸೆಸ್ ಕಟ್ಟುತ್ತೇವೆ, ಆದರೆ ಊರಿನ ಲೈಬ್ರರಿ ನಡೆಸುವುದು ಸದಸ್ಯರೇ ಆರಿಸಿದ ಸಮಿತಿ. ಕೇರಳದ ಲೈಬ್ರರಿ ಕೌನ್ಸಿಲಿನವರು ಬಂದು ನೋಡಿ ಗ್ರೇಡ್ ಕೊಡುತ್ತಾರೆ, ಗ್ರೇಡಿಗೆ ತಕ್ಕ ಗ್ರಾಂಟ್. ಅವರು ಕಪಾಟು ಮಾತ್ರ ನೋಡುವುದಲ್ಲ. ಮಕ್ಕಳ ಕೂಟ ‘ಬಾಲವೇದಿ’ ಉಂಟಾ, ಹೆಂಗಸರು ಬರುತ್ತಾರಾ, ಏನೇನು ಕಾರ್ಯಕ್ರಮ ಆಯಿತು, ಎಲ್ಲ ಕೇಳುತ್ತಾರೆ. ಅಂದರೆ ನಮ್ಮಲ್ಲಿ ಸದ್ದಿಗೂ ಮಾರ್ಕು ಉಂಟು!

ಇದರ ಹಿಂದೆ ಪಿ.ಎನ್. ಪಣಿಕ್ಕರ್ ಎಂಬ ಮಾಸ್ತರರ ಹಟ ಉಂಟು. 1945ರಲ್ಲಿ ತಿರುವಾಂಕೂರಿನ 47 ಗ್ರಂಥಾಲಯಗಳನ್ನು ಒಟ್ಟುಗೂಡಿಸಿ ಸಂಘ ಕಟ್ಟಿದವರು. 1970ರಲ್ಲಿ ‘ಓದಿ ಬೆಳೆಯಿರಿ’ ಅಂತ ಕೂಗಿಕೊಂಡು ತೆಂಕಣ ತುದಿಯ ಪಾರಶ್ಶಾಲೆಯಿಂದ ನಮ್ಮ ಕಾಸರಗೋಡಿನ ತನಕ ಕಾಲ್ನಡಿಗೆ ಜಾಥಾ ನಡೆಯಿತು. ನಾವು ಮದ್ರಾಸಿನ ಕೈಬಿಟ್ಟು ಕೇರಳಕ್ಕೆ ಸೇರಿ ಆಗ ಹದಿನಾಲ್ಕೇ ವರ್ಷ. ಆ ಜಾಥಾದ ಘೋಷಣೆ ಮಲಯಾಳದ್ದು, ಕೇಳಿದ ನಮ್ಮವರಲ್ಲಿ ಎಷ್ಟೋ ಜನರ ಓದು ಕನ್ನಡದ್ದು. ನಮ್ಮ ಕಥೆ ಶುರುವಾಗುವುದೇ ಅಲ್ಲಿಂದ.

ಸಂಜೆ ಐದರ ಮೇಲೆ ಒಮ್ಮೆ ಬಂದು ಕೂತು ನೋಡು. ಹಿಂದಿನ ಬೆಂಚಿನಲ್ಲಿ ಸರಕಾರಿ ಕೆಲಸದ ಪರೀಕ್ಷೆಗೆ, ಅಂದರೆ ಪಿಎಸ್‌ಸಿಗೆ ಓದುವ ಮಕ್ಕಳು. ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಸಿಗುತ್ತದೆ ಸರಿ, ಆದರೆ ಓದಲಿಕ್ಕೆ ಅವರ ಕೈಯಲ್ಲಿರುವ ಗೈಡು, ಆ ದಪ್ಪ ರ‍್ಯಾಂಕ್ ಫೈಲ್ ಮಲಯಾಳದ್ದು. ಹಾಗಾಗಿ ಮಲಯಾಳ ಮೀಡಿಯಂನ ಒಬ್ಬ ಬ್ಯಾರಿ ಹುಡುಗ ಗಟ್ಟಿಯಾಗಿ ಓದುತ್ತಾನೆ, ತುಳುವಿನಲ್ಲಿ ಬಿಡಿಸಿ ಹೇಳುತ್ತಾನೆ, ಉಳಿದವರು ಕನ್ನಡದಲ್ಲಿ ಬರೆದುಕೊಳ್ಳುತ್ತಾರೆ. ಮೊನ್ನೆ ವೈಕಂ ಸತ್ಯಾಗ್ರಹದ ಪಾಠ. “1924” ಅಂತ ಒಬ್ಬಳು ಬರೆದುಕೊಂಡಳು. ಈಚೆ ಮೇಜಿನಲ್ಲಿ ಪೇಪರಿನ ಒಳಗೆ ಮುಖ ಹುದುಗಿಸಿ ಅಡಿಕೆ ರೇಟು ನೋಡುತ್ತಿದ್ದ ಅಜ್ಜ ತಲೆ ಎತ್ತದೆಯೇ, “ಮುಗಿದದ್ದು 25ರಲ್ಲಿ, ಅದನ್ನೂ ಬರೆ” ಅಂದರು. ಮತ್ತೆ ಹೊಸ ಅಡಿಕೆಯಿಂದ ಹಳೆ ಅಡಿಕೆಗೆ, ಅಲ್ಲಿಂದ ಪಟೋರ ಅಡಿಕೆಗೆ ಬೆರಳು ಇಳಿಯಿತು. ಈ ಪಾಠ ಬಾಯಿ ಮುಚ್ಚಿಕೊಂಡು ಹೇಗೆ ಮಾಡುವುದು ಹೇಳು? ಬೆಂಗಳೂರಿನ ಹುಡುಗರು ತಿಂಗಳಿಗಿಷ್ಟು ಅಂತ ಕೊಟ್ಟು ಸ್ಟಡಿ ಹಾಲಿನಲ್ಲಿ ಕೂರುತ್ತಾರಂತೆ, ಮಧ್ಯೆ ಪ್ಲೈವುಡ್ ಗೋಡೆ. ಅವರಿಗೆ ಅದು ಆದೀತು. ಇಲ್ಲಿ ಗೋಡೆ ಹಾಕಿದರೆ ಕನ್ನಡ ಮೀಡಿಯಂನವರು ಫೇಲ್.

ಓದಲಿಕ್ಕಲ್ಲದೆ ಬರುವವರೂ ಇದ್ದಾರೆ. ಕೇರಳದಲ್ಲಿ ಕನ್ನಡದವರು ಕನ್ನಡದಲ್ಲಿ ಬರೆದರೆ ಸರಕಾರ ಕನ್ನಡದಲ್ಲೇ ಉತ್ತರ ಕೊಡಬೇಕು ಅಂತ ಕಾನೂನೇ ಉಂಟು. ಆದರೂ ಕಾಗದ ಬರುವುದು ಹೆಚ್ಚಾಗಿ ಮಲಯಾಳದಲ್ಲಿ. ಬೀಡಿ ಕಟ್ಟಿ ಮನೆ ನಡೆಸಿದ ಒಬ್ಬರು ಹೆಂಗಸು ಅಂಥದ್ದೊಂದನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ನಾಲ್ಕು ಮಡಿಕೆ ಮಾಡಿ ತಂದಿದ್ದರು. ಲೈಬ್ರೇರಿಯನ್ ಓದಿ, ಪಿಂಚಣಿಗೆ ‘ಬದುಕಿದ್ದೇನೆ’ ಅಂತ ದಾಖಲಿಸುವ ಮಸ್ಟರಿಂಗ್ ಯಾವ ದಿನದ ಒಳಗೆ ಅಂತ ತುಳುವಿನಲ್ಲಿ ಹೇಳಿದಳು. ಅವಳಿಗೆ ಸಿಗುವ ಗೌರವಧನಕ್ಕೆ ಈ ಕೆಲಸ ಸೇರಿಲ್ಲ. ಫೋನಿನಲ್ಲಿ ಭಾಷಾಂತರ ಆಗುತ್ತದಲ್ಲ ಅಂತ ನೀನು ಕೇಳಬಹುದು. ಆಗುತ್ತದೆ. ಆದರೆ ಆ ಹೆಂಗಸಿಗೆ ಮುಂದಿನ ಪ್ರಶ್ನೆ ಇತ್ತು, ಅದರ ಮುಂದೆ ಇನ್ನೊಂದು, ಕೊನೆಗೆ ಸರಕಾರಿ ಆನ್‌ಲೈನ್ ಕೆಲಸ ಮಾಡಿಕೊಡುವ ಅಕ್ಷಯ ಕೇಂದ್ರದ ತನಕ ಜೊತೆಗೆ ಯಾರು ಬರುವುದು ಎಂಬುದು. ಅದಕ್ಕೆ ಕ್ಯಾರಂ ಆಡುತ್ತಿದ್ದ ಹುಡುಗನೊಬ್ಬ ಎದ್ದ. ನೀನು ಬೈಯುವ ಕ್ಯಾರಂ ಬೋರ್ಡು ಅದೇ.

ಮಳೆಗಾಲದ ಆಟಿ ತಿಂಗಳಿನಲ್ಲಿ ಕೂತು ಮಾತಾಡುವ ಯಕ್ಷಗಾನ, ತಾಳಮದ್ದಳೆಯೂ ಉಂಟು. ಚೆಂಡೆ ಶುರುವಾದರೆ ಪಿಎಸ್‌ಸಿಯವರು ಮುಖ ಸಿಂಡರಿಸುತ್ತಾರೆ, ಸಮಿತಿಯಲ್ಲಿ ಜಗಳ ಆಗುತ್ತದೆ. ಆಗಲಿ. ಯಾರು ಯಾವ ಹೊತ್ತಿಗೆ ಜಾಗ ಬಿಡಬೇಕು ಅಂತ ಜಾತಿ, ಪಾರ್ಟಿ ನೋಡದೆ ಜಗಳ ಆಡಬಹುದಾದ ಕೋಣೆ ಊರಿನಲ್ಲಿ ಇನ್ನೆಲ್ಲಿ ಉಂಟು? ದೇವಸ್ಥಾನದ ಹಾಲ್, ಮದ್ರಸ, ಪಾರ್ಟಿ ಆಫೀಸು, ಎಲ್ಲ ಒಂದೊಂದು ಗುಂಪಿನದ್ದು. ಹೋಟೆಲಿನಲ್ಲಿ ಕೂರಬೇಕಾದರೆ ಚಾ ಕುಡಿಯಬೇಕು.

ಪುಸ್ತಕದ ವಿಷಯಕ್ಕೆ ಬರುತ್ತೇನೆ. ಕೊಡು, ಆದರೆ ಎಲ್ಲವೂ ಬೇಡ. ಒಮ್ಮೆ ಸ್ಟಾಕ್ ರಿಜಿಸ್ಟರಿನಲ್ಲಿ ನಂಬರು ಬಿದ್ದರೆ ಗೆದ್ದಲು ತಿಂದರೂ ಲೆಕ್ಕ ಕೊಡಬೇಕು. ಎಂಟು ಸಂಪುಟದ ನಿಘಂಟು ಖಂಡಿತ ಬೇಕು, ಯಕ್ಷಗಾನದ ಪ್ರಸಂಗ ಪುಸ್ತಕಗಳು ಒಂದೂ ಬಿಡಬೇಡ. ನಮ್ಮಲ್ಲಿ ದೊಡ್ಡ ಕೊರತೆ ಕನ್ನಡದ ಮಕ್ಕಳ ಪುಸ್ತಕದ್ದು. ಮಲಯಾಳದಲ್ಲಿ ಕಪಾಟು ತುಂಬ ಉಂಟು, ಕನ್ನಡದಲ್ಲಿ ಒಂದೇ ಸಾಲು, ಅದನ್ನೇ ಮಕ್ಕಳು ತಿರುಗಿಸಿ ತಿರುಗಿಸಿ ಓದಿ ಹಾಳೆ ಕಿತ್ತುಹೋಗಿದೆ. ಅಪ್ಪನ ಹೆಸರಿನಲ್ಲಿ ಅಂಥದ್ದು ಸ್ವಲ್ಪ ಹೊಸದಾಗಿ ತೆಗೆದುಕೊಟ್ಟರೆ ಹಳೆಯ ಕಾನೂನು ಪುಸ್ತಕಗಳಿಗಿಂತ ಹೆಚ್ಚು ಉಪಕಾರ. ಹಳೆಯ ಗೈಡುಗಳನ್ನು ದಯವಿಟ್ಟು ಗುಜರಿಗೆ ಹಾಕು.

ಪಟ್ಟಿ ವಾಟ್ಸಾಪಿನಲ್ಲಿ ಕಳಿಸು, ಭಾನುವಾರದ ಸಭೆಯಲ್ಲಿ ಇಡುತ್ತೇನೆ. ಜೊತೆಗೆ ಒಂದು ಕಬ್ಬಿಣದ ಕಪಾಟು ನಿನ್ನದೇ ಖರ್ಚಿನಲ್ಲಿ. ಪುಸ್ತಕ ಕೊಡುವವರಿಗೆಲ್ಲ ಸಮಿತಿ ಈಗ ಹಾಕುವ ಶರತ್ತು ಅದು, ಗೆಳೆಯನಿಗೆ ಅಂತ ರಿಯಾಯಿತಿ ಇಲ್ಲ.

ನಿನ್ನವ